ಸಯನ್ ಹಿತ್ತಲಿನ ಕಡೆಯ ಎಣಿಕೆ

ಆ ವರ್ಷ ದೀಪಾವಳಿ ಮುಗಿದ ಮೂರನೆಯ ದಿನ, ಸಂಜೆ ಐದೂವರೆಗೆ, ನಾನು ಸಯನ್‌ನ ಒಂದು ಹಳೇ ಬಿಲ್ಡಿಂಗಿನ ಹಿತ್ತಲಲ್ಲಿ ಒಣಗಿದ ತುಳಸಿ ಕಡ್ಡಿಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದೆ. ಮಂಡಿ ನೋಯುತ್ತಿತ್ತು, ಸೊಳ್ಳೆ ಮುತ್ತುತ್ತಿತ್ತು, ಪಟಾಕಿಯ ಹೊಗೆ ಇನ್ನೂ ಗಂಟಲಲ್ಲೇ ಕುಳಿತಿತ್ತು. ನಾನು ಕಾಯುತ್ತಿದ್ದದ್ದು ಒಂದು ಜಾತಿಯ ಜೇನುನೊಣಕ್ಕೆ. ಹೊಟ್ಟೆಯ ಮೇಲೆ ಮಿರುಗುವ ನೀಲಿ ಗೆರೆಗಳಿರುವುದರಿಂದ ಅದನ್ನು ನಾವು ನೀಲಿಪಟ್ಟೆ ಜೇನು ಅನ್ನುತ್ತೇವೆ. ಇದು ಹುಟ್ಟು ಕಟ್ಟುವ ಜೇನಲ್ಲ. ಇದಕ್ಕೆ ರಾಣಿಯೂ ಇಲ್ಲ, ನಮಗೆ ಸಿಗುವ ತುಪ್ಪವೂ ಇಲ್ಲ. ಹೆಣ್ಣು ಮಣ್ಣಿನ ದಿಬ್ಬದಲ್ಲೋ ಹಳೇ ಗೋಡೆಯ ಮೆದು ಗಾರೆಯಲ್ಲೋ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಗಂಡುಗಳಿಗೆ ಅದೂ ಇಲ್ಲ. ಹೊತ್ತು ಇಳಿಯುತ್ತಿದ್ದಂತೆ ಒಂದೇ ಒಣಕಡ್ಡಿಗೆ ಒಂದರ ಕೆಳಗೊಂದು ಬಂದು, ಬಾಯಿಂದ ಕಡ್ಡಿ ಕಚ್ಚಿಕೊಂಡು, ಕಾಲು ಮಡಿಸಿ ನಿದ್ದೆ ಹೋಗುತ್ತವೆ. ಲೋಕಲ್ ಟ್ರೇನಿನಲ್ಲಿ ಹಿಡಿಕೆ ಹಿಡಿದು ನಿಂತಲ್ಲೇ ತೂಕಡಿಸುವ ನಮ್ಮ ಜನರ ಹಾಗೆ.

ನನ್ನ ಕಚೇರಿ ಪವಾಯಿಯಲ್ಲಿ. ಮಳೆಗಾಲ ಮುಗಿದು ಚಳಿ ಶುರುವಾಗುವ ನಡುವಿನ ಆ ಕೆಲವು ವಾರ ಊರಿನ ತೋಟಗಳಲ್ಲಿ ಯಾವ ಚಿಟ್ಟೆ, ಯಾವ ಜೇನು, ಎಷ್ಟು ಉಳಿದಿವೆ ಎಂದು ಎಣಿಸಿ ದಾಖಲಿಸುವುದು ನಮ್ಮ ಕೆಲಸ. ಎಣಿಸುವವರು ಬಹುಪಾಲು ಆಯಾ ಜಾಗದ ಜನರೇ. ಹಾಳೆ ಅಚ್ಚು ಹಾಕಿಸಿ ಕೊಡುವುದು, ಕಲಿಸುವುದು, ಬಂದ ಹಾಳೆಗಳನ್ನು ನೋಡಿ ಸಹಿ ಹಾಕುವುದು ನನ್ನ ಪಾಲು. ವಿಧಾನದಲ್ಲಿ ನಾನು ತುಂಬ ಕಟ್ಟುನಿಟ್ಟು, ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. ದೀಪಾವಳಿ ಆದ ಮೇಲೆ ಸತತ ಹತ್ತು ದಿನ. ಬೆಳಿಗ್ಗೆ ಹತ್ತಕ್ಕೆ ಒಂದೇ ದಾರಿಯಲ್ಲಿ, ಒಂದೇ ನಿಧಾನದಲ್ಲಿ ಇಪ್ಪತ್ತು ನಿಮಿಷ ನಡೆದು, ಎಡಬಲಕ್ಕೆ ಕಂಡ ಚಿಟ್ಟೆಗಳನ್ನೆಲ್ಲ ಬರೆಯಬೇಕು. ಸಂಜೆ ಐದೂಮುಕ್ಕಾಲಿನಿಂದ ಅರ್ಧ ಗಂಟೆ, ಕಡ್ಡಿಗೆ ಬಂದು ಮಲಗುವ ಗಂಡು ಜೇನುಗಳ ಎಣಿಕೆ. ಟಾರ್ಚ್ ಬಿಡಬಾರದು, ಕಡ್ಡಿ ಮುಟ್ಟಬಾರದು. ಮೂರು ಸಲ ಎಣಿಸಿ ನಡುವಿನ ಸಂಖ್ಯೆ ಬರೆಯಬೇಕು. ಮೋಡ ಇತ್ತೆ, ಹೊಗೆ ಇತ್ತೆ, ಪಕ್ಕದಲ್ಲಿ ಮದ್ದು ಹೊಡೆದಿದ್ದರೆ, ಅದನ್ನೂ ಬರೆಯಬೇಕು.

ಈ ಹಿತ್ತಲನ್ನು ಎಣಿಸುತ್ತಿದ್ದವರು ಅದೇ ಬಿಲ್ಡಿಂಗಿನ ನೆಲಮಹಡಿಯ ಭಟ್ಟರು. ಉಡುಪಿ ಕಡೆಯವರು. ದಾದರ್‌ನ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಅಡುಗೆ ಮಾಡಿ, ಸೊಂಟ ಕೈಕೊಟ್ಟ ಮೇಲೆ ತಮ್ಮನ ಮಗನ ಸಂಸಾರದ ಜತೆ ಇದ್ದರು. ಸಯನ್ ಕನ್ನಡಿಗರ ಸಭೆಯೊಂದರಲ್ಲಿ ನಾನು ಚಿಟ್ಟೆಗಳ ಬಗ್ಗೆ ಮಾತಾಡಿ ಇಳಿದಾಗ ಬಂದು ಕೇಳಿದರು: ಕರಿಬೇವಿನ ಎಲೆ ತಿನ್ನುವ ಹಸಿರು ಹುಳವನ್ನು ತೆಗೆಯದೆ ಬಿಟ್ಟರೆ ಏನಾಗುತ್ತದೆ? ಚಿಟ್ಟೆಯಾಗುತ್ತದೆ ಅಂದೆ. ಹಾಗಾದರೆ ಇಷ್ಟು ವರ್ಷ ಹೋಟೆಲಿನಲ್ಲಿ ಆರಿಸಿ ಬಿಸಾಡಿದ್ದೆಲ್ಲ ಅದೇನಾ ಎಂದು ಮುಖ ಸಣ್ಣದು ಮಾಡಿಕೊಂಡರು. ಮಾರನೆಯ ವಾರದಿಂದ ಅವರು ನಮ್ಮ ಎಣಿಕೆದಾರರು.

ಇಪ್ಪತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಜಾಗ ಅದು. ಒಂದು ನಿಂಬೆ, ಎರಡು ಕರಿಬೇವು, ಸಾಲು ತುಳಸಿ, ಗೊರಟೆ, ಹಿಂದೆ ಕಂಪೌಂಡ್ ಗೋಡೆ. ಭಟ್ಟರು ಅದನ್ನು ಅಡುಗೆಮನೆಯಷ್ಟೇ ಓರಣವಾಗಿ ಇಟ್ಟಿದ್ದರು. ಒಗ್ಗರಣೆಯ ಸಾಸಿವೆ ಎಷ್ಟು ಸಿಡಿಯಿತೆಂದು ಕಿವಿಯಲ್ಲೇ ತಿಳಿಯುವ ಮನುಷ್ಯ, ಎಣಿಕೆಯಲ್ಲಿ ತಪ್ಪುವುದು ಹೇಗೆ! ಮೊದಲ ವರ್ಷ ಪಕ್ಕದಲ್ಲಿ ಕುಳಿತು ಹತ್ತೂ ದಿನ ಅವರ ಜತೆ ಎಣಿಸಿದೆ. ಹನ್ನೊಂದು, ಹದಿಮೂರು, ಒಂಬತ್ತು, ಹನ್ನೆರಡು. ಒಂದು ದಿನವೂ ನಮ್ಮಿಬ್ಬರ ಸಂಖ್ಯೆ ಬೇರೆಯಾಗಲಿಲ್ಲ. ಆಮೇಲೆ ತೋಟಗಳ ಸಂಖ್ಯೆ ಹೆಚ್ಚಿತು, ನನಗೆ ಹೋಗಲು ಪುರುಸೊತ್ತಿಲ್ಲವಾಯಿತು. ಅವರು ಹಾಳೆಯ ಫೋಟೊ ತೆಗೆಸಿ ಕಳಿಸುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ.

ಈ ಸಲ ನಾನು ಖುದ್ದು ಬಂದು ಕುಳಿತದ್ದಕ್ಕೆ ಕಾರಣವಿತ್ತು. ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗುವುದಿತ್ತು, ಅಂದರೆ ಕೆಡವಿ ಹೊಸದಾಗಿ ಕಟ್ಟುವುದು. ನಕ್ಷೆಯಲ್ಲಿ ಹಿತ್ತಲಿದ್ದ ಕಡೆ ಕಾರುಗಳನ್ನು ಒಂದರ ಮೇಲೊಂದು ನಿಲ್ಲಿಸುವ ಪಾರ್ಕಿಂಗ್ ಬಂದಿತ್ತು. ಭಟ್ಟರು ಬಿಲ್ಡಿಂಗಿನ ಮನೆಯವರ ಸೊಸೈಟಿಯ ಮೀಟಿಂಗಿನಲ್ಲಿ ಜನ್ಮದಲ್ಲಿ ಮೊದಲ ಸಲ ಎದ್ದು ನಿಂತು ಮುರುಕು ಮರಾಠಿಯಲ್ಲಿ ಮಾತಾಡಿದರಂತೆ. ಕೆಲವರು ನಕ್ಕರಂತೆ. ಆದರೆ ಸೆಕ್ರೆಟರಿ ಒಳ್ಳೆಯ ಮನುಷ್ಯ. ಬಿಲ್ಡರ್ ಕಡೆಯ ತೋಟದ ಸಲಹೆಗಾರ್ತಿಯನ್ನು ಒಪ್ಪಿಸಿ ಒಂದು ದಾರಿ ಮಾಡಿದ್ದರು: ಈ ಜೇನು ಇಲ್ಲಿ ಬಿಡದೆ ಬದುಕಿಕೊಂಡು ಬಂದಿದೆ, ಈಗಲೂ ಇದೆ ಎಂದು ನಮ್ಮ ಕಚೇರಿ ಬರೆದುಕೊಟ್ಟರೆ ಗೋಡೆ ಮತ್ತು ಅದರ ಬುಡದ ಪಟ್ಟಿಯನ್ನು ಮುಟ್ಟದೆ ನಕ್ಷೆ ಬದಲಿಸುತ್ತೇವೆ. ಡಿಸೆಂಬರಿನ ಮೀಟಿಂಗಿಗೆ ಪತ್ರ ಬೇಕು. ನನಗೆ ಇದೇನು ಮಹಾ ಕೆಲಸ ಅನ್ನಿಸಿತ್ತು. ದಾಖಲೆ ಇದೆ, ಈ ವರ್ಷದ ಎಣಿಕೆ ಸೇರಿಸಿ ಒಂದು ಫೋಟೊ ಹಾಕಿದರೆ ಮುಗಿಯಿತು.

ಮೊದಲ ಸಂಜೆ ಒಂದೂ ಬರಲಿಲ್ಲ. ಹೊಗೆ ಕಾರಣ ಎಂದು ಬರೆದೆ. ಎರಡನೆಯ ಸಂಜೆ ಮೋಡ ಕವಿದಿತ್ತು, ಅದನ್ನೂ ಬರೆದೆ. ಮೂರನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಗಿನ ನಡಿಗೆಯಲ್ಲಿ ನಿಂಬೆ ಚಿಟ್ಟೆ ಆರು, ಹುಲಿ ಚಿಟ್ಟೆ ಎರಡು, ಗೊರಟೆ ಹೂವಿಗೆ ಒಂದು ದೊಡ್ಡ ಕರಿ ದುಂಬಿ ಸಿಕ್ಕವು. ಸಂಜೆ ಕಡ್ಡಿಗಳು ಖಾಲಿ. ಭಟ್ಟರು ನನ್ನ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ನಾನು ಬರುವ ಮೊದಲೇ ಒಂದು ಬಂದು ಹಾರಿಹೋಯಿತು ಅಂದರು. ನಾಲ್ಕನೆಯ ದಿನ ನಾನು ಐದಕ್ಕೇ ಹೋದೆ. ಆವತ್ತು, ನೀವು ಕೆಮ್ಮಿದಾಗ ಹೋಯಿತು ಅಂದರು. ಅಯ್ಯೋ, ಎಂಥ ಹಾಳು ಕೆಮ್ಮು ಎಂದು ನಾನು ನನಗೇ ಬೈದುಕೊಂಡೆ. ಐದನೆಯ ದಿನ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತೆ.

ಐದನೆಯ ರಾತ್ರಿ ಮನೆಗೆ ಬಂದು ಹಳೆಯ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರವಿದೆ. ಮೊದಲ ವರ್ಷಗಳ ಸಂಖ್ಯೆ ಏರಿಳಿಯುತ್ತಿತ್ತು. ಆಮೇಲಿನ ಮೂರು ವರ್ಷ, ದಿನಕ್ಕೊಂದರಂತೆ ಹತ್ತು ದಿನ, ಒಂದು, ಒಂದು, ಒಂದು. ಒಟ್ಟು ಮೂವತ್ತು ಒಂದುಗಳು. ಗಾಳಿ ಬೀಸಿದ ದಿನವೂ ಒಂದು, ಪಕ್ಕದ ಗಲ್ಲಿಯಲ್ಲಿ ಸೊಳ್ಳೆ ಮದ್ದು ಹೊಡೆದ ದಿನವೂ ಒಂದು. ಜೀವವಿರುವ ಯಾವುದನ್ನು ಎಣಿಸಿದರೂ ಸಂಖ್ಯೆ ಹೀಗೆ ಕಲ್ಲಿನ ಹಾಗೆ ನಿಲ್ಲುವುದಿಲ್ಲ. ಪ್ರತಿ ಹಾಳೆಯ ಕೆಳಗೂ ನನ್ನ ಸಹಿ. ಮೊದಲ ಸಲ ಹದಿಮೂರು ಒಂದಕ್ಕೆ ಇಳಿದದ್ದನ್ನು ಕಂಡಾಗ ನಾನು ಏನು ಮಾಡಿದ್ದೆ ಎಂದು ನೆನಪಿದೆ. ಸದ್ಯ, ಪೂರ್ತಿ ಹೋಗಲಿಲ್ಲವಲ್ಲ ಎಂದು ಸಮಾಧಾನಪಟ್ಟಿದ್ದೆ. ವರದಿಯಲ್ಲಿ 'ಕ್ಷೀಣಿಸಿದರೂ ಉಳಿದಿದೆ' ಎಂದು ಚಂದದ ವಾಕ್ಯ ಬರೆದಿದ್ದೆ. ಸಯನ್ ಎಷ್ಟು ದೂರ? ಒಂದು ಸಂಜೆ ಬಂದು ನೋಡಬಹುದಿತ್ತು. ನೋಡಲಿಲ್ಲ.

ಮರುದಿನ ಎಣಿಕೆಯ ಹೊತ್ತು ಮುಗಿದ ಮೇಲೆ, ಈ ಒಂದುಗಳನ್ನು ನಿಜವಾಗಿ ಕಂಡಿರಾ ಎಂದು ಭಟ್ಟರನ್ನು ನೇರವಾಗಿ ಕೇಳಿದೆ. ನನ್ನ ದನಿ ಗಟ್ಟಿಯಾಗಿತ್ತು, ಒಪ್ಪುತ್ತೇನೆ. ಅವರು ಪಂಚೆಯ ಅಂಚನ್ನು ಮಡಿಸಿ ಬಿಡಿಸುತ್ತಾ ಕುಳಿತರು.

“ಅಮ್ಮ, ಅಡುಗೆಮನೆಯಲ್ಲಿ ಅಕ್ಕಿ ಮುಗೀತು ಅಂತ ಹೇಳ್ಲಿಕ್ಕುಂಟಾ?” ಅಂದರು. “ಡಬ್ಬ ಬರಿದಾಗುವ ಮೊದಲು ಒಂದು ಹಿಡಿ ತೆಗೆದು ಅದರಲ್ಲೇ ಬಿಡುದು. ಮತ್ತೆ ತುಂಬುವವರೆಗೆ ಅದು ಅಲ್ಲೇ ಇರ್ತದೆ. ನಾನು ಹಾಗೆಯೇ ಒಂದು ಬಿಟ್ಟೆ. ಸೊನ್ನೆ ಬರೀಲಿಕ್ಕೆ ನನಗೆ ಕೈ ಬರ್ಲಿಲ್ಲ.”

ನಮ್ಮಮ್ಮನೂ ಹಾಗೆಯೇ. ಇಂದಿಗೂ ನಮ್ಮ ಮನೆಯ ಅಕ್ಕಿ ಡಬ್ಬದ ತಳ ನಾನು ಕಂಡಿಲ್ಲ. ದೀಪ ಆರಿಸು ಎಂದೂ ಆಕೆಯ ಬಾಯಲ್ಲಿ ಬರುವುದಿಲ್ಲ. ಅದೇ ನೀರು ಕುಡಿದು ಬೆಳೆದವಳು ನಾನು. ಹಾಗಿದ್ದೂ ಈ ಮನುಷ್ಯನಿಗೆ ಹಾಳೆ ಕೊಡುವಾಗ, ಏನೂ ಕಾಣದಿದ್ದರೆ ಸೊನ್ನೆ ಬರೆಯಬೇಕು, ಸೊನ್ನೆಯೂ ನಮಗೆ ಬೇಕಾದ ಸುದ್ದಿಯೇ ಎಂದು ಒಂದು ಮಾತು ಹೇಳಿರಲಿಲ್ಲ. ಟಾರ್ಚ್ ಬಿಡಬೇಡಿ ಎಂದು ಹತ್ತು ಸಲ ಹೇಳಿದ್ದೆ.

ಚಿಟ್ಟೆಗಳ ಸಂಖ್ಯೆಯೂ ಹೀಗೆಯೋ ಎಂದು ಕೇಳಿದೆ. ಅವರು ನಿಜವಾಗಿ ನೊಂದುಕೊಂಡರು. ಚಿಟ್ಟೆ ಎಣಿಸಿದ್ದರಲ್ಲಿ ಒಂದು ರೆಕ್ಕೆಯಷ್ಟೂ ಸುಳ್ಳಿಲ್ಲ ಅಂದರು. ನಾನು ಅದನ್ನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ನಾನೇ ಬರೆದ ನಿಯಮವಿದೆ: ಒಂದು ಹಾಳೆಯಲ್ಲಿ ಒಂದು ಸಂಖ್ಯೆ ಕಲ್ಪಿತವಾದರೆ ಇಡೀ ಹಾಳೆ ತೆಗೆಯಬೇಕು. ಮೂರು ವರ್ಷ ಅವರು ಬಿಸಿಲಲ್ಲಿ, ಸೊಂಟ ಹಿಡಿದುಕೊಂಡು ನಡೆದು ಬರೆದ ನಿಂಬೆ ಚಿಟ್ಟೆಗಳೆಲ್ಲ ಆ ಒಂದುಗಳ ಜತೆ ಹೋಗುತ್ತಿದ್ದವು.

ಹೊರಗೆ ಬರುವಾಗ ಗೇಟಿನಲ್ಲಿ ವಾಚ್‌ಮನ್ ತಡೆದ. ವಿಜಯಪುರ ಕಡೆಯವನು, ದಿನಾ ನಾನು ಕಡ್ಡಿ ನೋಡುತ್ತಾ ಕೂರುವುದನ್ನು ಕಂಡು ಕುತೂಹಲ ಇಟ್ಟುಕೊಂಡಿದ್ದವನು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಗೋಡೆಯ ಸಂದಿನಲ್ಲಿ ಮನೆ ಮಾಡುವ ನೊಣ ಅಂದೆ.

“ಮೇಡಮ್ಮಾರ, ಆ ಗ್ವಾಡಿ ಮೊದ್ಲ ಹಿಂಗಿರ್ಲಿಲ್ರಿ,” ಅಂದ. “ಮೂರೂವರಿ ವರ್ಷ ಆತು, ಮಳಿ ಹಿಡಿಯೂಕಿಂತ ಮೊದ್ಲ ನೀರು ಸೋರ್ತದಂತ ಪೂರಾ ಸಿಮೆಂಟ್ ಬಳದ್ರು. ತೂತ ತೂತ ಇದ್ವು, ಒಂದೂ ಬಿಡಲಾರದಂಗ ಮುಚ್ಚಿದ್ರು.”

ನಾನು ತಿರುಗಿ ಹೋಗಿ ಗೋಡೆ ಮುಟ್ಟಿ ನೋಡಿದೆ. ಸುಣ್ಣ ಬಳಿದಿದ್ದರಿಂದ ಆರು ದಿನವೂ ಅದು ಹಳೇ ಗೋಡೆಯೆಂದೇ ಕಂಡಿತ್ತು. ಕೆಳಗೆ ಗಟ್ಟಿ ಸಿಮೆಂಟ್. ಹೆಣ್ಣು ಆ ಗೋಡೆಯಲ್ಲೇ ಬಿಲ ಕೊರೆಯುತ್ತದೆಂದು ಭಟ್ಟರಿಗೆ ನಾನು ಹೇಳಿರಲಿಲ್ಲ, ಅವರೂ ಸಿಮೆಂಟಿನ ಮಾತು ಎತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಒಳಗಿನ ಬಿಲಗಳಲ್ಲಿ ಮರಿಗಳು ಮಳೆಗಾಗಿ ಕಾಯುತ್ತಾ ಮಲಗಿದ್ದಿರಬೇಕು. ಹೊರಗೆ ಬರಲು ದಾರಿ ಉಳಿದಿರಲಿಲ್ಲ. ಆ ವರ್ಷವೇ ಹಾಳೆಯಲ್ಲಿ ಸೊನ್ನೆ ಬಂದಿದ್ದರೆ ನಾನು ಓಡಿ ಬರುತ್ತಿದ್ದೆ. ಹದಿಮೂರು ಇದ್ದದ್ದು ಸೊನ್ನೆಯಾದರೆ ಯಾರಾದರೂ ಬಂದೇ ಬರುತ್ತಾರೆ. ಆಗ ಎರಡು ಗಲ್ಲಿ ಆಚೆಯ ಶಾಲೆಯ ಅಂಗಳದಲ್ಲಿ ಇದೇ ಜೇನು ಇತ್ತು. ಇಲ್ಲಿ ನಾಲ್ಕು ಅಡಿ ಸಿಮೆಂಟ್ ಕೆತ್ತಿ ಮಣ್ಣು ಮೆತ್ತಿದ್ದರೆ ಅಲ್ಲಿಂದ ಬಂದು ಸೇರಿಕೊಳ್ಳಬಹುದಿತ್ತು. ಈಗ ಆ ಅಂಗಳಕ್ಕೂ ಕಾಂಕ್ರೀಟ್ ಬಿದ್ದು ಎರಡು ವರ್ಷ. ಗೋಡೆಗೆ ಹಣೆ ಒತ್ತಿಕೊಂಡು ಅತ್ತುಬಿಟ್ಟೆ. ವಾಚ್‌ಮನ್ ಪಾಪ, ಏನೋ ತಪ್ಪು ಹೇಳಿದೆನೆಂದು ಗಾಬರಿಯಾಗಿ ನೀರು ತಂದುಕೊಟ್ಟ.

ಉಳಿದ ನಾಲ್ಕು ದಿನವೂ ಹೋದೆ. ವಿಧಾನ ಅಂದಮೇಲೆ ವಿಧಾನ. ನಾಲ್ಕು ದಿನವೂ ಖಾಲಿ. ಕೊನೆಯ ಸಂಜೆ ಭಟ್ಟರು ಕಾಫಿ ಮಾಡಿ ತಂದರು. ನನ್ನ ಕೈಗೆ ಲೋಟ ಕೊಟ್ಟು, ಎದುರಿಗೆ ನಿಂತೇ ಹೇಳಿದರು:

“ಪತ್ರದಲ್ಲಿ ಒಂದು ಅಂತ ಬರೀರಿ, ಅಮ್ಮ. ಇನ್ನು ಯಾರು ಬಂದು ನೋಡ್ತಾರೆ? ಜಾಗ ಉಳಿದ್ರೆ ನಾನು ಸಿಮೆಂಟ್ ಕೆತ್ತಿಸ್ತೇನೆ, ಮಣ್ಣು ಹಾಕ್ತೇನೆ. ಇವತ್ತಲ್ಲದಿದ್ರೆ ಇನ್ನು ಐದು ವರ್ಷಕ್ಕೆ ಎಲ್ಲಿಂದಾದ್ರೂ ಬರ್ತದೆ. ಜಾಗವೇ ಹೋದ್ರೆ ಎಲ್ಲಿಗೆ ಬರುದು?”

ಅವರ ಮಾತಿನಲ್ಲಿ ತಪ್ಪು ಹುಡುಕಲು ನಾನು ಮೂರು ದಿನ ತೆಗೆದುಕೊಂಡೆ. ಪವಾಯಿಯಲ್ಲಿ ನಮ್ಮ ಹಿರಿಯ ಅಧಿಕಾರಿಯ ಮುಂದೆ ಎಲ್ಲ ಹಾಳೆ ಇಟ್ಟು ಕೇಳಿದೆ. ಅವರು ಕನ್ನಡಕ ತೆಗೆದು, ಸಹಿ ನಿನ್ನದು, ನೀನೇ ತೀರ್ಮಾನಿಸು, ನೀನು ಏನು ಬರೆದರೂ ನಾನು ಕಳಿಸುತ್ತೇನೆ ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಒಂದು ಸಂಖ್ಯೆ, ಅದೂ ಮೂರು ವರ್ಷದಿಂದ ಅಲ್ಲೇ ಇರುವ ಸಂಖ್ಯೆ. ಹಾಗೇ ಬಿಟ್ಟರೆ ಒಬ್ಬ ವಯಸ್ಸಾದವರ ಜೀವದಂಥ ಜಾಗ ಉಳಿಯುತ್ತದೆ. ಒಮ್ಮೆ 'ಒಂದು' ಎಂದು ಟೈಪ್ ಮಾಡಿಯೂ ನೋಡಿದೆ.

ಆದರೆ ಆ ಒಂದೇ ನಮ್ಮನ್ನು ಮೂರು ವರ್ಷ ಮಲಗಿಸಿತ್ತು. ನಾನು ಇನ್ನೊಂದು ಬರೆದರೆ ಈ ಊರಿನಲ್ಲಿ ಎಲ್ಲೆಲ್ಲಿ ಏನೇನು ಸತ್ತಿದೆಯೋ ಅದನ್ನು ಮುಚ್ಚಲು ನಾನೂ ಒಂದು ಕೈ ಸಿಮೆಂಟ್ ಹಾಕಿದಂತೆ ಎಂದು ಅನ್ನಿಸಿತು. ಹಾಗೆಂದು ನನಗೆ ಧೈರ್ಯ ಬಂತೆಂದು ಯಾರೂ ತಿಳಿಯಬಾರದು. ಸಿಕ್ಕಿಬಿದ್ದರೆ ಎಂಬ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ತೂಗಿತೋ ಇಂದಿಗೂ ಹೇಳಲಾರೆ. ಹತ್ತು ದಿನ, ಹತ್ತು ಸೊನ್ನೆ ಎಂದು ಬರೆದೆ. ಹಿಂದಿನ ಮೂರು ವರ್ಷದ ಹಾಳೆಗಳನ್ನು ಹಿಂತೆಗೆದುಕೊಂಡಿದ್ದೇವೆ, ಪರಿಶೀಲಿಸದೆ ಸಹಿ ಹಾಕಿದ್ದು ನನ್ನ ತಪ್ಪು ಎಂದೂ ಬರೆದೆ. ಭಟ್ಟರ ಹೆಸರು ಎಲ್ಲೂ ತರಲಿಲ್ಲ. ಅದರ ಕೆಳಗೆ ಒಂದೂವರೆ ಪುಟ, ಗೋಡೆಯ ಸಿಮೆಂಟ್ ಕೆತ್ತಿದರೆ, ಬುಡದಲ್ಲಿ ಮಣ್ಣಿನ ದಿಬ್ಬ ಮಾಡಿದರೆ, ಈ ಜೇನು ಮರಳಿ ಬರುವ ಸಾಧ್ಯತೆ ಎಷ್ಟು, ಆ ಪಟ್ಟಿ ಯಾಕೆ ಉಳಿಯಬೇಕು ಎಂದು ನನಗೆ ತಿಳಿದದ್ದನ್ನೆಲ್ಲ ಬರೆದೆ.

ಮೀಟಿಂಗಿನಲ್ಲಿ ಆ ಒಂದೂವರೆ ಪುಟವನ್ನು ಯಾರೂ ಓದಲಿಲ್ಲ. ಸೆಕ್ರೆಟರಿಯೇ ಫೋನ್ ಮಾಡಿ ಬೇಸರದಿಂದ ತಿಳಿಸಿದರು. ಸಂಖ್ಯೆ ನೋಡಿ, ಹಾಗಾದರೆ ಪ್ರಶ್ನೆಯೇ ಇಲ್ಲವಲ್ಲ ಎಂದು ಮುಂದಿನ ವಿಷಯಕ್ಕೆ ಹೋದರಂತೆ. ಭಟ್ಟರು ಅಲ್ಲೇ ಕುಳಿತಿದ್ದರಂತೆ.

ನಾನು ಆ ವಾರವೇ ಅವರನ್ನು ನೋಡಲು ಹೋದೆ. ಬಾಗಿಲು ತೆರೆದವರು ಒಳಗೆ ಕರೆದರು, ಕೂರಿಸಿದರು, ಊಟ ಹಾಕಿದರು. ಹಿತ್ತಲಿನ ಮಾತು ಎತ್ತಲಿಲ್ಲ. ನಾನು ಎತ್ತಿದಾಗ ಸಾರು ಬಡಿಸಿದರು. ಕ್ಷಮಿಸಿ ಭಟ್ರೇ ಅಂದೆ. ನೀವು ಸರಿಯಾಗಿಯೇ ಮಾಡಿದ್ದೀರಿ ಅಂದರು. ಆ ಮಾತನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಮೇ ತಿಂಗಳಲ್ಲಿ ಬಿಲ್ಡಿಂಗು ಖಾಲಿಯಾಯಿತು. ತಮ್ಮನ ಮಗ ಕಲ್ಯಾಣ್ ಕಡೆ ಬಾಡಿಗೆ ಮನೆ ಹಿಡಿದ, ಆರನೆಯ ಮಹಡಿ. ನಿಂಬೆ, ಕರಿಬೇವು ಎಲ್ಲ ಜೆಸಿಬಿ ಬಂದ ಮೊದಲ ದಿನವೇ ಹೋದವು ಎಂದು ಯಾರೋ ಹೇಳಿದರು. ನಾನು ಆ ಕಡೆ ಹೋಗಲಿಲ್ಲ. ಸ್ಟೇಷನ್ನಿಗೆ ಸುತ್ತು ಹಾಕಿಕೊಂಡು ಬೇರೆ ರಸ್ತೆಯಲ್ಲಿ ನಡೆಯುತ್ತಿದ್ದೆ.

ಮುಂದಿನ ದೀಪಾವಳಿ ಆದ ಮೇಲೆ ಒಂದು ಮಧ್ಯಾಹ್ನ ಭಟ್ಟರ ಫೋನ್ ಬಂತು. ಈ ವರ್ಷ ಎಣಿಕೆ ಶುರುವಾಯಿತೇ ಎಂದು ಕೇಳಿದರು. ಆಗಿದೆ ಅಂದೆ. ಪವಾಯಿಯಲ್ಲಿ ಆ ಜೇನು ಉಂಟಾ ಎಂದು ಕೇಳಿದರು. ನಮ್ಮ ಕಚೇರಿಯ ಹಿಂದೆ, ಕೆರೆಯ ಕಡೆಯ ಮಣ್ಣು ದಿಬ್ಬದಲ್ಲಿ ಇದೆ ಅಂದೆ. ಒಂದು ಸಲ ನೋಡಬಹುದಾ, ಸುಮ್ಮನೆ ನೋಡಿ ಹೋಗುತ್ತೇನೆ ಅಂದರು.

ಮರುದಿನ ಬಂದರು. ಕಲ್ಯಾಣ್‌ನಿಂದ ಲೋಕಲ್‌ನಲ್ಲಿ ಕಾಂಜೂರ್‌ಮಾರ್ಗ್‌ವರೆಗೆ, ಅಲ್ಲಿಂದ ಬಸ್ಸು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೋಲು. ಸೊರಗಿದ್ದರು. ದಿಬ್ಬದ ಹತ್ತಿರ ಕುರ್ಚಿ ಹಾಕಿಸಿದ್ದೆ, ಅವರು ಕೂರಲಿಲ್ಲ. ಐದೂಮುಕ್ಕಾಲು ದಾಟಿತು. ಒಣ ಹುಲ್ಲಿನ ಒಂದು ಉದ್ದ ಕಡ್ಡಿಗೆ ಮೊದಲನೆಯದು ಬಂದು ಕೂತಿತು, ಜಾರಿತು, ಮತ್ತೆ ಹಿಡಿಯಿತು. ಅದರ ಕೆಳಗೆ ಇನ್ನೊಂದು. ಬೆಳಕು ಹೋಗುವಷ್ಟರಲ್ಲಿ ಸಾಲು ಆಗಿತ್ತು. ಭಟ್ಟರು ಬಾಗಿ, ತುಟಿ ಅಲ್ಲಾಡಿಸುತ್ತಾ ಮೇಲಿಂದ ಕೆಳಗೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮೂರನೆಯ ಸಲವೂ ಎಣಿಸಿದರು.

“ಏಳು ಕಾಣ್ತದೆ,” ಅಂದರು ಮೆಲ್ಲಗೆ. “ನೀವೊಮ್ಮೆ ಎಣಿಸಿ, ಅಮ್ಮ. ನನ್ನ ಲೆಕ್ಕ ಹಿಡಿಬೇಡಿ.”

ನಾನು ಎಣಿಸಿದೆ. ಏಳೇ ಇದ್ದವು. ಹಾಳೆ, ಪೆನ್ನು ಎರಡನ್ನೂ ಅವರ ಮುಂದೆ ಹಿಡಿದೆ. ಭಟ್ಟರು ತಲೆಯಲ್ಲಾಡಿಸಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಏಳು ಎಂದು ನಾನೇ ಬರೆದೆ.